ಉರಿ ಸಿಕ್ಕಿತು, ಕೆಂಡ ಸಿಗಲಿಲ್ಲ

"ಇದು ಸುಟ್ಟಿಲ್ಲ ಕಣೆ. ಬರೀ ಕಪ್ಪಾಗಿದೆ."

ಎರಡು ವರ್ಷದ ಹಿಂದೆ ಅಮ್ಮ ಹೇಳಿದ ಮಾತು ಇದು. ಬೈದು ಹೇಳಿದ್ದಲ್ಲ. ತಟ್ಟೆಯಲ್ಲಿದ್ದ ಗುಂಡು ಬದನೆಕಾಯಿಯನ್ನು ಹೆಬ್ಬೆರಳಿನಿಂದ ಒಂದು ಸಲ ಒತ್ತಿ ನೋಡಿದಳು. ಮೇಲಿನ ಸಿಪ್ಪೆ ಇದ್ದಿಲಿನ ಹಾಗೆ ಪುಡಿಪುಡಿಯಾಗಿ ಉದುರಿತು. ಒಳಗೆ ಬೆರಳು ಇಳಿಯಲೇ ಇಲ್ಲ. ಚಾಕು ತಂದು ಎರಡು ಹೋಳು ಮಾಡಿದಳು. ಸಿಪ್ಪೆಯ ಕೆಳಗೆ ಒಂದು ತೆಳು ಪದರ ಮಾತ್ರ ಮೆತ್ತಗಾಗಿತ್ತು. ಉಳಿದದ್ದೆಲ್ಲ ಹಸಿ, ಬೆಳ್ಳಗೆ, ಬೆಂಡಿನ ಹಾಗೆ. ಮೂಗಿನ ಹತ್ತಿರ ಹಿಡಿದರೆ ಸುಟ್ಟ ವಾಸನೆಗಿಂತ ಗ್ಯಾಸಿನ ವಾಸನೆಯೇ ಜಾಸ್ತಿ. ಅಮ್ಮ ಕಪ್ಪು ಭಾಗವನ್ನು ಹೆರೆದು ಹಾಕಿ, ಉಳಿದದ್ದನ್ನು ಹೆಚ್ಚಿ ಪಲ್ಯ ಮಾಡಿದಳು. ಪಲ್ಯ ಚೆನ್ನಾಗಿತ್ತು. ಆದರೆ ನನಗೆ ಬೇಕಿದ್ದದ್ದು ಬಜ್ಜಿ. ಎಣ್ಣೆಯಲ್ಲಿ ಕರಿಯುವ ಬಜ್ಜಿಯ ಮಾತಲ್ಲ ಇದು. ನಮ್ಮ ನಾಗಮಂಗಲದ ಕಡೆ ಬದನೆಕಾಯಿ ಸುಟ್ಟು, ಕಿವುಚಿ, ಹಸಿಮೆಣಸಿನಕಾಯಿ ಹುಣಸೆಹುಳಿ ಹಾಕಿ ಮುದ್ದೆಗೆ ಮಾಡುತ್ತಾರಲ್ಲ, ಆ ಬಜ್ಜಿ.

ಆ ಬದನೆಕಾಯಿಯನ್ನು ನಾನು ಸುಟ್ಟದ್ದು ಕೈಯಲ್ಲಿ ಹಿಡಿಯುವ ಗ್ಯಾಸ್ ಟಾರ್ಚಿನಿಂದ. ನಾವಿರುವುದು ಬೆಂಗಳೂರಿನ ಬಾಡಿಗೆ ಮನೆಯಲ್ಲಿ. ಅಡುಗೆಮನೆಯಲ್ಲಿ ಇಂಡಕ್ಷನ್ ಒಲೆ ಬಿಟ್ಟರೆ ಬೇರೇನೂ ಇಲ್ಲ. ಅನ್ನ, ಸಾರು, ಮುದ್ದೆ ಎಲ್ಲವೂ ಅದರಲ್ಲೇ ಆಗುತ್ತದೆ. ಅದರ ಮೇಲೆ ನನಗೆ ದೂರಿಲ್ಲ. ಆದರೆ ಸ್ವಲ್ಪ ದಿನದ ಮೇಲೆ ಒಂದು ವಿಷಯ ಕಾಡತೊಡಗಿತು. ಈ ಮನೆಯಲ್ಲಿ ಬೆಂಕಿ ಅಂತ ಇರುವುದು ದೇವರ ಮುಂದಿನ ದೀಪದಲ್ಲಿ ಮಾತ್ರ. ಹಪ್ಪಳ ಸುಡಲು ಬರುವುದಿಲ್ಲ. ಫುಲ್ಕಾ ಉಬ್ಬಿಸಲು ಬರುವುದಿಲ್ಲ. ಒಣಮೆಣಸಿನಕಾಯಿ ಸುಟ್ಟು ಚಟ್ನಿ ಅರೆಯಲು ಬರುವುದಿಲ್ಲ. ಎಲ್ಲವನ್ನೂ ಪಾತ್ರೆಯ ಮೂಲಕವೇ ಮಾಡಬೇಕು. ಕಾವಿಗೂ ತಿನ್ನುವ ಪದಾರ್ಥಕ್ಕೂ ನಡುವೆ ಯಾವಾಗಲೂ ಒಂದು ಲೋಹದ ತಳ. ಗ್ಯಾಸ್ ಒಲೆ ಇರುವವರಿಗೆ ಈ ಕೊರತೆ ಗೊತ್ತಾಗಲಿಕ್ಕಿಲ್ಲ. ಬರ್ನರ್ ಮೇಲೆ ಬದನೆಕಾಯಿ ಇಟ್ಟು ಸಣ್ಣ ಉರಿಯಲ್ಲಿ ತಿರುಗಿಸುತ್ತಾ ಹೋದರೆ ಅರ್ಧ ಗಂಟೆಯಲ್ಲಿ ಸುಮಾರಾಗಿ ಆಗುತ್ತದೆ. ನಮಗೆ ಅದೂ ಇರಲಿಲ್ಲ.

ಹಾಗಾಗಿ ಟಾರ್ಚ್ ತರಿಸಿದೆ. "ಟಾರ್ಚ್ ಬಂದಿದೆ" ಅಂದಾಗ ಅಪ್ಪ "ಒಳ್ಳೇದಾಯ್ತು, ಕರೆಂಟ್ ಹೋದಾಗ ಬೇಕಾಗುತ್ತೆ" ಅಂದರು. ಬಿಚ್ಚಿ ತೋರಿಸಿದೆ. ಪಿಸ್ತೂಲಿನ ಥರದ ಒಂದು ಹಿಡಿ, ಮುಂದೆ ಒಂದು ಕೊಳವೆ, ಗ್ಯಾಸ್ ಜಾಸ್ತಿ ಕಡಿಮೆ ಮಾಡಲು ಒಂದು ತಿರುಪು. ಇದನ್ನು ಬ್ಯೂಟೇನ್ ತುಂಬಿದ ಉದ್ದನೆಯ ಡಬ್ಬಿಯ ಮೇಲೆ ಕೂರಿಸಬೇಕು. ಕುದುರೆ ಒತ್ತಿದರೆ ಟಿಕ್ ಅಂತ ಕಿಡಿ. ಆಮೇಲೆ ಸುಯ್ ಎನ್ನುವ ಸದ್ದಿನ ಜೊತೆ ನೀಲಿ ಉರಿ. ಪೆಟ್ಟಿಗೆಯ ಮೇಲೆ 1300 ಡಿಗ್ರಿ ಎಂದು ಬರೆದಿತ್ತು. ಇಷ್ಟು ಬಿಸಿ ಇದ್ದ ಮೇಲೆ ಒಂದು ಬದನೆಕಾಯಿ ಯಾವ ಲೆಕ್ಕ ಅಂದುಕೊಂಡೆ.

ಹುಲ್ಲಿನ ಉರಿ

ಬದನೆಕಾಯಿಯ ವಿಷಯ ಅಲ್ಲಿಗೆ ಬಿಟ್ಟು ಟಾರ್ಚನ್ನು ಮೇಲಿನ ಕಪಾಟಿಗೆ ಹಾಕಿದ್ದೆ. ಮತ್ತೆ ಕೆಳಗಿಳಿಸಿದ್ದು ಹೊಸತೊಡಕಿನ ದಿನ. ಯುಗಾದಿಯ ಮಾರನೆ ದಿನ ನಮ್ಮ ಕಡೆ ಬಾಡೂಟ ಇಲ್ಲದೆ ಆಗುವುದಿಲ್ಲ. ಆ ವರ್ಷ ಊರಿಗೆ ಹೋಗಲು ಆಗಲಿಲ್ಲ. ಅಪ್ಪ ಬೆಳಿಗ್ಗೆ ಆರಕ್ಕೇ ಹೋಗಿ ಸಾಲಿನಲ್ಲಿ ನಿಂತು ಚರ್ಮ ಸಮೇತ ಒಂದು ನಾಟಿ ಕೋಳಿ ತಂದರು. ಪುಕ್ಕವನ್ನೇನೋ ಅಂಗಡಿಯಲ್ಲಿ ಕಿತ್ತಿದ್ದರು. ಸಣ್ಣ ಸಣ್ಣ ಕೂದಲು, ಮುರಿದ ಪುಕ್ಕದ ಬುಡ ಎಲ್ಲ ಹಾಗೇ ಇತ್ತು. ಅಮ್ಮ ಅದನ್ನು ನೋಡಿ, "ಇದನ್ನ ಸುಡದೆ ಹೆಂಗೆ ಸಾರು ಮಾಡೋದು?" ಅಂದಳು. ಆಗ ನನಗೆ ನೆನಪಾದದ್ದು ಅಜ್ಜಿಯ ಹಿತ್ತಲು.

ಅಜ್ಜಿಯ ಮನೆಯಲ್ಲಿ ಕೋಳಿ ಸುಡುವುದು ಹಿತ್ತಲಿನ ಹುಣಸೆಮರದ ಹತ್ತಿರ. ಕುದಿಯುವ ನೀರಿಗೆ ಅದ್ದಿ ಪುಕ್ಕ ಕಿತ್ತಾದ ಮೇಲೆ ಅಜ್ಜಿ ಒಂದು ಹಿಡಿ ಒಣಗಿದ ಭತ್ತದ ಹುಲ್ಲು ತರುತ್ತಿದ್ದಳು. ಒಂದೇ ಹಿಡಿ. ಹಿಡಿ ಮುಗಿದ ಮೇಲೆ ಇನ್ನೊಂದು. ಹುಲ್ಲಿಗೆ ಬೆಂಕಿ ತಾಗಿದ ಕೂಡಲೇ ಭಗ್ ಅಂತ ಉರಿ ಏಳುತ್ತಿತ್ತು. ಕೋಳಿಯ ಕಾಲನ್ನು ಒಂದು ಕೈಯಲ್ಲಿ, ಕತ್ತನ್ನು ಇನ್ನೊಂದು ಕೈಯಲ್ಲಿ ಹಿಡಿದು ಆ ಉರಿಯ ಮೇಲೆ ಆಡಿಸುತ್ತಿದ್ದಳು. ಒಂದು ಕಡೆ ನಿಲ್ಲಿಸುತ್ತಲೇ ಇರಲಿಲ್ಲ. ರೆಕ್ಕೆಯ ಕೆಳಗೆ, ತೊಡೆಯ ಸಂದಿಯಲ್ಲಿ, ಕತ್ತಿನ ಮಡಿಕೆಯಲ್ಲಿ ಉರಿ ನುಗ್ಗುವ ಹಾಗೆ ಬಿಡಿಸಿ ಹಿಡಿಯುತ್ತಿದ್ದಳು. ಮೊದಲು ಕೂದಲು ಸುಟ್ಟ ಕಮಟು ವಾಸನೆ. ಅದು ಹೋದ ಮೇಲೆ ಕೊಬ್ಬು ಕಾದ ವಾಸನೆ. ಆಮೇಲೆ ನೀರು ಹಾಕಿ ಕೈಯಿಂದ ಗಸಗಸ ಉಜ್ಜಿ ಮಸಿ ತೊಳೆಯುತ್ತಿದ್ದಳು. ಅರಿಶಿನ, ಒಂದು ಚೂರು ಎಣ್ಣೆ ಸವರಿ ಕೊನೆಯ ಹಿಡಿ ಹುಲ್ಲಿನ ಉರಿಯಲ್ಲಿ ಮತ್ತೊಂದು ಸಲ ತೋರಿಸುತ್ತಿದ್ದಳು. ಆ ಹೊತ್ತಿಗೆ ಚರ್ಮ ಬಿಗಿದುಕೊಂಡು ಹೊಂಬಣ್ಣಕ್ಕೆ ಬಂದಿರುತ್ತಿತ್ತು. ಎಲ್ಲ ಸೇರಿ ಹತ್ತು ನಿಮಿಷದ ಕೆಲಸ.

ನನಗಾಗ ಹತ್ತೋ ಹನ್ನೊಂದೋ ವರ್ಷ. ಒಳಗೆ ಒಲೆಯಲ್ಲಿ ಕೆಂಡ ನಿಗಿನಿಗಿ ಅನ್ನುತ್ತಿತ್ತು. "ಅದ್ರಲ್ಲೇ ಸುಡಬೌದಲ್ವ ಅಜ್ಜಿ, ಹುಲ್ಲು ಯಾಕೆ?" ಅಂತ ಕೇಳಿದೆ. ಅಜ್ಜಿ ತಿರುಗಿಯೂ ನೋಡದೆ, "ಕೋಳಿಗೆ ಉರಿ ಕಣವ್ವ, ಬದ್ನೆಕಾಯ್ಗೆ ಕೆಂಡ. ಎಲ್ಡೂ ಒಂದೇ ಅಂದ್ಕಬ್ಯಾಡ" ಅಂದಳು. ಕೆಂಡದ ಮೇಲೆ ಇಟ್ಟರೆ ಚರ್ಮ ಅಂಟಿಕೊಂಡು ಹರಿಯುತ್ತದೆ, ಕೊಬ್ಬು ಇಳಿದುಹೋಗುತ್ತದೆ, ಮಾಂಸ ಅರ್ಧ ಬೇಯುತ್ತದೆ. ಇವನ್ನೆಲ್ಲ ಅಜ್ಜಿ ವಿವರಿಸಲಿಲ್ಲ. ನಾನು ಆಮೇಲೆ ಅರ್ಥ ಮಾಡಿಕೊಂಡದ್ದು.

ಹೊಸತೊಡಕಿನ ಆ ಬೆಳಿಗ್ಗೆ ಬಾಲ್ಕನಿಯಲ್ಲಿ ಹಳೆಯ ಕಬ್ಬಿಣದ ಕಾವಲಿಯನ್ನು ಬೋರಲು ಹಾಕಿ, ಅದರ ಮೇಲೆ ಕೋಳಿ ಇಟ್ಟೆ. ಟಾರ್ಚ್ ಹಚ್ಚಿ ಒಂದು ಗೇಣು ದೂರದಿಂದ ಶುರು ಮಾಡಿದೆ. ಅಜ್ಜಿ ಕೋಳಿಯನ್ನು ಆಡಿಸುತ್ತಿದ್ದಳು, ನಾನು ಉರಿಯನ್ನು ಆಡಿಸಿದೆ. ವ್ಯತ್ಯಾಸ ಅಷ್ಟೇ. ಕೂದಲು ಒಂದೊಂದೇ ಮಿಣುಕ್ ಅಂತ ಹೊತ್ತಿ ಸುರುಟಿಕೊಂಡು ಮಾಯವಾಯಿತು. ಪುಕ್ಕದ ಬುಡಗಳು ಚಿಟಿಚಿಟಿ ಅಂದವು. ರೆಕ್ಕೆಯ ಸಂದಿಗೆ ಟಾರ್ಚಿನ ಸಣ್ಣ ಮೂತಿ ಹುಲ್ಲಿನ ಉರಿಗಿಂತ ಚೆನ್ನಾಗಿ ನುಗ್ಗಿತು. ತೊಳೆದು, ಅರಿಶಿನ ಹಚ್ಚಿ, ಎರಡನೇ ಸಲ ಉರಿ ತೋರಿಸಿದಾಗ ಚರ್ಮದ ಕೆಳಗಿನ ಕೊಬ್ಬು ಸಣ್ಣಗೆ ಬೆವರಿತು. ಚರ್ಮ ಬಿಗಿಯಿತು. ಅದೇ ಹೊಂಬಣ್ಣ. ಅಡುಗೆಮನೆಯಲ್ಲಿ ಮಸಾಲೆ ಹುರಿಯುತ್ತಿದ್ದ ಅಮ್ಮ ಬಾಗಿಲಿಗೆ ಬಂದು ನಿಂತಳು. ಏನೂ ಹೇಳಲಿಲ್ಲ. ಮೂಗೇರಿಸಿ ವಾಸನೆ ತೆಗೆದುಕೊಂಡಳು. ಮಧ್ಯಾಹ್ನ ಸಾರಿಗೆ ಮುದ್ದೆ ಅದ್ದುವಾಗ ಅಪ್ಪ, "ಊರಲ್ಲಿ ಉಂಡಂಗೇ ಆಯ್ತು" ಅಂದರು. ಅಪ್ಪ ಸುಮ್ನೆ ಹೊಗಳುವವರಲ್ಲ.

ಅವತ್ತಿನಿಂದ ಈ ಪ್ರಶ್ನೆ ನನ್ನ ಹಿಂದೆ ಬಿತ್ತು. ಟಾರ್ಚ್ ಅದೇ. ಕೈ ಅದೇ. ಕೋಳಿಗೆ ಒಗ್ಗಿದ್ದು ಬದನೆಕಾಯಿಗೆ ಯಾಕೆ ಒಗ್ಗಲಿಲ್ಲ?

ಒಂದೇ ಮಾತು, ಎರಡು ಕೆಲಸ

ಉತ್ತರವನ್ನು ಅಜ್ಜಿ ಆಗಲೇ ಕೊಟ್ಟಿದ್ದಳು. ನನಗೆ ಕೇಳಿಸಿರಲಿಲ್ಲ. ನಾವು ಎಲ್ಲದಕ್ಕೂ "ಸುಡು" ಅನ್ನುತ್ತೇವೆ. ಹಪ್ಪಳ ಸುಡು, ಕೋಳಿ ಸುಡು, ಬದನೆಕಾಯಿ ಸುಡು, ಜೋಳದ ತೆನೆ ಸುಡು. ಮಾತು ಒಂದೇ ಆದ ಮೇಲೆ ಕೆಲಸವೂ ಒಂದೇ ಅಂದುಕೊಳ್ಳುತ್ತೇವೆ. ಆದರೆ ಬೆಂಕಿಯ ವಿಷಯಕ್ಕೆ ಬಂದಾಗ ನಮ್ಮ ಭಾಷೆ ಬಹಳ ಸ್ಪಷ್ಟವಾಗಿದೆ. ಉರಿ ಬೇರೆ, ಕೆಂಡ ಬೇರೆ, ಬೂದಿ ಮುಚ್ಚಿದ ಕೆಂಡ ಇನ್ನೂ ಬೇರೆ. ಒಲೆ ಮುಂದೆ ಕೂತವರಿಗೆ ಈ ವ್ಯತ್ಯಾಸ ಕೈಗೇ ಗೊತ್ತಿರುತ್ತದೆ.

ಟಾರ್ಚ್ ಅಂದರೆ ಬರೀ ಉರಿ. ಅದರ ನೀಲಿ ನಾಲಗೆಯ ತುದಿಯಲ್ಲಿ ಕಾವು ವಿಪರೀತ. ಆದರೆ ಅದು ಬೀಳುವುದು ಒಂದು ಕಾಸಿನಗಲದ ಜಾಗದ ಮೇಲೆ, ಕೆಲವೇ ಕ್ಷಣ. ಯಾವ ಪದಾರ್ಥವೇ ಆಗಲಿ, ಮೇಲ್ಮೈ ಒದ್ದೆ ಇರುವ ತನಕ ಅದರ ಕಾವು 100 ಡಿಗ್ರಿ ದಾಟಿ ಹೆಚ್ಚು ಏರುವುದಿಲ್ಲ. ಬಂದ ಕಾವೆಲ್ಲ ನೀರನ್ನು ಆವಿ ಮಾಡುವುದಕ್ಕೇ ಖರ್ಚಾಗುತ್ತದೆ. ನೀರು ಆರಿ ಸುಮಾರು 140 ಡಿಗ್ರಿ ದಾಟಿದ ಮೇಲೆ ಕಂದು ಬಣ್ಣ, ಘಮ ಬರಲು ಶುರು. ಟಾರ್ಚಿನ ಮುಂದೆ ಇದೆಲ್ಲ ಕಣ್ಣು ಮಿಟುಕಿಸುವುದರಲ್ಲಿ ಮುಗಿದು, ಕಂದು ದಾಟಿ ಕಪ್ಪಿಗೆ ಹೋಗಿಬಿಡುತ್ತದೆ. ಒಳಗಿನ ಕಥೆ ಬೇರೆ. ಬದನೆಕಾಯಿಯಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ನೀರು. ಅದರ ತಿರುಳೋ, ಗಾಳಿ ತುಂಬಿದ ಸ್ಪಂಜು. ಗಾಳಿ ಕಾವನ್ನು ಒಳಗೆ ಬಿಡುವುದಿಲ್ಲ. ಸಿಪ್ಪೆಯ ಮೇಲೆ ಸಾವಿರ ಡಿಗ್ರಿ ಸುರಿದರೂ ನಡುಮಧ್ಯಕ್ಕೆ ಕಾವು ಇಳಿಯುವುದು ಅದರ ನಿಧಾನದಲ್ಲೇ. ಅವಸರ ಮಾಡಿದಷ್ಟೂ ಹೊರಗಡೆ ಕಪ್ಪಾಗುತ್ತದೆ, ಒಳಗಡೆ ಹಸಿ ಉಳಿಯುತ್ತದೆ. ಅಮ್ಮ ಹೆಬ್ಬೆರಳಿನಲ್ಲಿ ಕಂಡುಹಿಡಿದದ್ದು ಇದನ್ನೇ.

ಕೋಳಿಯ ಲೆಕ್ಕ ಬೇರೆ. ಅಲ್ಲಿ ಉರಿಗೆ ಇರುವುದು ಚರ್ಮದ ಕೆಲಸ ಮಾತ್ರ. ಕೂದಲು ಹೋಗಬೇಕು, ಚರ್ಮಕ್ಕೆ ಘಮ ಹತ್ತಬೇಕು, ಅಷ್ಟರೊಳಗೆ ಉರಿ ದೂರ ಸರಿಯಬೇಕು. ಬೇಯಿಸುವ ಕೆಲಸ ಆಮೇಲೆ ಸಾರಿನ ಪಾತ್ರೆಯದು. ಒಣಹುಲ್ಲು ಭಗ್ಗನೆ ಉರಿದು ಅರ್ಧ ನಿಮಿಷದಲ್ಲಿ ಆರಿಹೋಗುತ್ತದಲ್ಲ, ಅದೇ ಅದರ ಗುಣ. ಟಾರ್ಚ್ ಆ ಹುಲ್ಲಿನ ಜಾಗದಲ್ಲಿ ಸರಿಯಾಗಿ ಕೂರುತ್ತದೆ.

ಹಾಗೆ ನೋಡಿದರೆ ಟಾರ್ಚ್ ನಮ್ಮ ಅಡುಗೆಗೆ ಹೊಸದೂ ಅಲ್ಲ. ಬಕ್ರೀದ್ ದಿನ ಬೆಂಗಳೂರಿನ ಹಳೆಯ ಬೀದಿಗಳಲ್ಲಿ ನಡೆದು ನೋಡಿ. ರಸ್ತೆ ಬದಿಯಲ್ಲಿ ಸಿಲಿಂಡರ್ ಇಟ್ಟುಕೊಂಡು, ಉದ್ದನೆಯ ಪೈಪಿನ ದೊಡ್ಡ ಟಾರ್ಚಿನಲ್ಲಿ ತಲೆಕಾಲು ಸುಟ್ಟುಕೊಡುವವರು ಸಿಗುತ್ತಾರೆ. ಭೋರ್ ಅನ್ನುವ ಸದ್ದು ಮುಂದಿನ ತಿರುವಿನ ತನಕ ಕೇಳುತ್ತದೆ. ಕೂದಲು ಸುಟ್ಟು, ಚಾಕುವಿನಲ್ಲಿ ಹೆರೆದು, ಮತ್ತೆ ಸುಟ್ಟು ಕೊಡುತ್ತಾರೆ. ಕಾಲು ಸೂಪಿಗೆ ಆ ರುಚಿ ಬರುವುದು ಅಲ್ಲೇ. ಅವರ ಕೈಯನ್ನು ಗಮನಿಸಿ. ಉರಿ ಒಂದೇ ಕಡೆ ನಿಲ್ಲುವುದಿಲ್ಲ. ಅಜ್ಜಿಯ ಕೈಯ ಆಟವೇ.

ಫ್ರೆಂಚರ ಕ್ರೆಮ್ ಬ್ರೂಲೆಯ ವಿಷಯ ಓದುವಾಗಲೂ ನನಗೆ ಇದೇ ಕಂಡಿತು. ಮನೆಗಳಲ್ಲಿ ಈ ಟಾರ್ಚ್ ಕೊಳ್ಳುವವರು ಮೊದಲು ಮಾಡಿ ನೋಡುವ ತಿಂಡಿ ಅದು. ಹಾಲಿನ ಕೆನೆ, ಮೊಟ್ಟೆಯ ಹಳದಿ ಸೇರಿಸಿ ಬೇಯಿಸಿದ ಮೆತ್ತನೆಯ ಸಿಹಿ. ಮೇಲೆ ಸಕ್ಕರೆ ಉದುರಿಸಿ ಸುಟ್ಟು ಗಾಜಿನ ಹಾಗೆ ಮಾಡುತ್ತಾರೆ. ಬ್ರೂಲೆ ಅಂದರೇ ಸುಟ್ಟದ್ದು ಅಂತ. ಫ್ರಾನ್ಸಿನ ಅಡುಗೆಗಾರ ಮಾಸಿಯಾಲೋ ಇದರ ವಿಧಾನವನ್ನು 1691ರಲ್ಲೇ ಬರೆದಿಟ್ಟಿದ್ದಾನೆ. ಆಗ ಟಾರ್ಚ್ ಎಲ್ಲಿಂದ ಬರಬೇಕು? ಬೆಂಕಿಯಲ್ಲಿ ಕೆಂಪಗೆ ಕಾದ ಕಬ್ಬಿಣವನ್ನು ಸಕ್ಕರೆಯ ಮೇಲೆ ಹಿಡಿಯುತ್ತಿದ್ದರು. ಕಬ್ಬಿಣ ಹೋಗಿ ಟಾರ್ಚ್ ಬಂದರೂ ಆ ಸಿಹಿಗೆ ನಷ್ಟವಾಗಲಿಲ್ಲ. ಅಲ್ಲಿ ಸುಡಬೇಕಾದದ್ದು ಎರಡು ನೂಲಿನಷ್ಟು ದಪ್ಪದ ಸಕ್ಕರೆ ಮಾತ್ರ. ಕೆಳಗಿನ ಕೆನೆ ತಣ್ಣಗೇ ಇರಬೇಕು. ನಾನು ಇದನ್ನು ನೇಂದ್ರ ಬಾಳೆಹಣ್ಣಿನ ಮೇಲೆ ಮಾಡುತ್ತೇನೆ. ಉದ್ದಕ್ಕೆ ಸೀಳಿ, ಸಕ್ಕರೆ ಉದುರಿಸಿ, ಉರಿ ತೋರಿಸಿದರೆ ಮೊದಲು ಕರಗುತ್ತದೆ, ಆಮೇಲೆ ಜೇನಿನ ಬಣ್ಣ, ಆಮೇಲೆ ಕಂದು. ಕಂದು ಬಂದಾಗ ನಿಲ್ಲಿಸಬೇಕು. ಒಂದು ನಿಮಿಷ ಬಿಟ್ಟು ಚಮಚದಲ್ಲಿ ತಟ್ಟಿದರೆ ಟಕ್ ಅನ್ನುತ್ತದೆ. ಅಪ್ಪನಿಗೆ ಆ ಸದ್ದು ಬಹಳ ಇಷ್ಟ.

ಕೈಗೆ ಬಂದದ್ದು

ಎರಡು ವರ್ಷದಲ್ಲಿ ಕಲಿತ ಒಂದೆರಡು ವಿಷಯ ಹೇಳಿಬಿಡುತ್ತೇನೆ. ಟಾರ್ಚ್ ಕೊಳ್ಳಬೇಕು ಅಂತಿರುವವರಿಗೆ ಉಪಯೋಗಕ್ಕೆ ಬರಬಹುದು.

ಗ್ಯಾಸಿನ ವಾಸನೆಯ ವಿಷಯ ಮೊದಲು. ನನ್ನ ಮೊದಲ ಬದನೆಕಾಯಿ ಕೆಟ್ಟದ್ದು ಹಸಿ ಉಳಿದದ್ದರಿಂದ ಮಾತ್ರ ಅಲ್ಲ. ಉರಿಯನ್ನು ತೀರಾ ಹತ್ತಿರ ಹಿಡಿದಿದ್ದೆ. ಕೊಳವೆಯ ಮುಂದೆ ಕಾಣುವ ಉರಿಯಲ್ಲಿ ಎರಡು ಪದರ ಇರುತ್ತದೆ. ಒಳಗಡೆ ತಿಳಿನೀಲಿಯ ಚೂಪಾದ ಮೊನೆ, ಅದರ ಸುತ್ತ ಮಸುಕು ನೀಲಿ. ಒಳಗಿನ ಮೊನೆಯ ಜಾಗದಲ್ಲಿ ಗ್ಯಾಸ್ ಇನ್ನೂ ಪೂರ್ತಿ ಉರಿದಿರುವುದಿಲ್ಲ. ಅದು ತಿನ್ನುವ ಪದಾರ್ಥಕ್ಕೆ ತಾಗಿದರೆ ವಾಸನೆ ಕೂರುತ್ತದೆ. ಆ ಮೊನೆಯಿಂದ ಸ್ವಲ್ಪ ಮುಂದೆ ಪದಾರ್ಥ ಇರಬೇಕು. ಕಾವು ಜಾಸ್ತಿ ಇರುವುದೂ ಅಲ್ಲೇ. ಉರಿ ಹಳದಿಯಾಗಿದ್ದರೆ ಅಂತೂ ಹತ್ತಿರವೇ ತರಬಾರದು. ಹಚ್ಚಿದ ಮೇಲೆ ಡಬ್ಬಿಯನ್ನು ನೆಟ್ಟಗೆ ಹಿಡಿದು ಒಂದೆರಡು ನಿಮಿಷ ಬಿಡಬೇಕು. ತಣ್ಣಗಿರುವಾಗಲೇ ಬಗ್ಗಿಸಿದರೆ ಒಳಗಿನ ದ್ರವ ಗ್ಯಾಸ್ ಹಾಗೇ ಹೊರಗೆ ಬಂದು ಮಾರುದ್ದದ ಹಳದಿ ಉರಿ ಏಳುತ್ತದೆ. ಒಂದು ಸಲ ನನಗೆ ಹಾಗಾಯಿತು. ಬಾಲ್ಕನಿಯಲ್ಲಿ ಒಣಗಲು ಹಾಕಿದ್ದ ಟವೆಲ್ಲಿಗೆ ಎರಡೇ ಗೇಣು ದೂರ. ಆಮೇಲೆ ಬಟ್ಟೆ ತೆಗೆಯದೆ ಟಾರ್ಚ್ ಮುಟ್ಟುವುದಿಲ್ಲ.

ಕೆಳಗೆ ಕಬ್ಬಿಣದ ಕಾವಲಿಯೇ ಆಗಬೇಕು. ಕಡಪ ಕಲ್ಲಿನ ಮೇಲೆ ನೇರವಾಗಿ ಉರಿ ಬಿದ್ದರೆ ಕಲ್ಲು ಸಿಡಿಯಬಹುದು. ನಾನ್‌ಸ್ಟಿಕ್ ತವಾ ಬೇಡವೇ ಬೇಡ. ಅದರ ಲೇಪ ಅತಿಯಾಗಿ ಕಾದರೆ ಬರುವ ಹೊಗೆ ಕೆಟ್ಟದ್ದು. ಡಬ್ಬಿಯನ್ನು ಬಿಸಿಲಿಗೆ, ಒಲೆಯ ಪಕ್ಕಕ್ಕೆ, ನಿಲ್ಲಿಸಿದ ಕಾರಿನೊಳಗೆ ಇಡಬಾರದು. ಕೆಲಸ ಮುಗಿದ ಮೇಲೆ ಮೂತಿ ತಣ್ಣಗಾಗಲು ಹದಿನೈದು ನಿಮಿಷ ಬೇಕು. ನೋಡಲು ತಣ್ಣಗಿರುವ ಹಾಗೇ ಕಾಣುತ್ತದೆ. ಮಕ್ಕಳಿರುವ ಮನೆಯಲ್ಲಿ ಇದನ್ನು ಮರೆಯುವ ಹಾಗಿಲ್ಲ.

ಟೊಮೆಟೊ ಸಿಪ್ಪೆ ಬಿಡಿಸಲು, ದಪ್ಪಮೆಣಸಿನಕಾಯಿಗೆ ಸುಟ್ಟ ರುಚಿ ಹತ್ತಿಸಲು, ಹಸಿಮೆಣಸಿನಕಾಯಿ ಚಟ್ನಿಗೆ ಟಾರ್ಚ್ ಚೆನ್ನಾಗಿ ಒದಗುತ್ತದೆ. ಹಪ್ಪಳಕ್ಕೆ ನನಗಂತೂ ಒದಗಲಿಲ್ಲ. ಉರಿಯ ರಭಸಕ್ಕೆ ಹಪ್ಪಳ ಜಾರಿ ಓಡುತ್ತದೆ. ಇಕ್ಕಳದಲ್ಲಿ ಹಿಡಿದರೆ ಒಂದು ಕಡೆ ಕಪ್ಪು ಚುಕ್ಕೆ, ಪಕ್ಕದಲ್ಲೇ ಹಸಿ. ಹಲಸಿನ ಹಪ್ಪಳದ ಅಂಚು ಹೊತ್ತಿಕೊಂಡೇ ಬಿಟ್ಟಿತು. ಹಪ್ಪಳಕ್ಕೆ ಎಲ್ಲ ಕಡೆಯಿಂದ ಒಂದೇ ಸಮ ಕಾವು ಬೇಕು. ಅದೂ ಕೆಂಡದ ಕೆಲಸ.

ಬದನೆಕಾಯಿಗೆ ಅಡ್ಡದಾರಿ ಹುಡುಕಿದೆ. ಮೊದಲು ಹಬೆಯಲ್ಲಿ ಮೆತ್ತಗೆ ಬೇಯಿಸಿ, ಒರೆಸಿ ಒಣಗಿಸಿ, ಆಮೇಲೆ ಟಾರ್ಚಿನಲ್ಲಿ ಸಿಪ್ಪೆ ಸುಟ್ಟೆ. ಒಳಗೆ ಬೆಂದಿತ್ತು, ಹೊರಗೆ ಸುಟ್ಟಿತ್ತು. ಆದರೆ ಎರಡಕ್ಕೂ ಪರಿಚಯವೇ ಇಲ್ಲದ ಹಾಗಿತ್ತು. ಬಜ್ಜಿಯಲ್ಲಿ ಹಬೆಯ ಸಪ್ಪೆ ರುಚಿ. ಅಮ್ಮ ಎರಡು ತುತ್ತು ತಿಂದು, "ಪರವಾಗಿಲ್ಲ" ಅಂದಳು. ನಮ್ಮ ಮನೆಯಲ್ಲಿ ಪರವಾಗಿಲ್ಲ ಅಂದರೆ ಇನ್ನೊಂದು ಸಲ ಮಾಡಬೇಡ ಅಂತ ಅರ್ಥ.

ಉಳಿದ ಕಾವು

ಆಮೇಲೆ ಕೂತು ಯೋಚಿಸಿದಾಗ ಹೊಳೆದದ್ದು ಇದು. ಅಜ್ಜಿಯ ಮನೆಯಲ್ಲಿ ಬದನೆಕಾಯಿ ಸುಡಬೇಕು ಅಂತ ಯಾರೂ ಒಲೆ ಹಚ್ಚುತ್ತಿರಲಿಲ್ಲ. ಮುದ್ದೆ ಇಳಿದಿರುತ್ತಿತ್ತು. ಸಾರು ಕುದಿದಿರುತ್ತಿತ್ತು. ಸೌದೆ ಹಿಂದಕ್ಕೆ ಎಳೆದ ಮೇಲೆ ಒಲೆಯಲ್ಲಿ ಉಳಿಯುತ್ತಿತ್ತಲ್ಲ ಕೆಂಡ, ಅದರ ಪಾಲು ಬದನೆಕಾಯಿಗೆ. ಬೂದಿ ಸರಿಸಿ, ಬದನೆಕಾಯಿ ತಳ್ಳಿ, ಮೇಲೆ ಮತ್ತೆ ಬೂದಿ ಎಳೆದು ಅಜ್ಜಿ ಹಸು ಕಟ್ಟಲು ಹೋಗುತ್ತಿದ್ದಳು. ಬರುವ ಹೊತ್ತಿಗೆ ಆಗಿರುತ್ತಿತ್ತು. ಅವಳು ಅದಕ್ಕೆ ಸಮಯವನ್ನೂ ಕೊಡುತ್ತಿರಲಿಲ್ಲ, ಸೌದೆಯನ್ನೂ ಕೊಡುತ್ತಿರಲಿಲ್ಲ. ಮಿಕ್ಕಿದ ಕಾವಿನಲ್ಲಿ ಅದು ತನ್ನಷ್ಟಕ್ಕೆ ಬೇಯುತ್ತಿತ್ತು. ಸಿಪ್ಪೆಯ ರಸ ಕೆಂಡದ ಮೇಲೆ ತೊಟ್ಟಿಕ್ಕಿ ಹೊಗೆಯಾಗಿ ವಾಪಸ್ ಅದಕ್ಕೇ ಹತ್ತುತ್ತಿತ್ತು. ನಮ್ಮ ಇಂಡಕ್ಷನ್ ಒಲೆ ಗುಂಡಿ ಒತ್ತಿದ ತಕ್ಷಣ ಆರುತ್ತದೆ. ಟಾರ್ಚ್ ಕೂಡ ಹಾಗೇ. ಈ ಅಡುಗೆಮನೆಯಲ್ಲಿ ಉಳಿದ ಕಾವು ಅನ್ನುವುದೇ ಇಲ್ಲ.

ಆ ಒಲೆ ವಾಪಸ್ ಬರಲಿ ಅಂತ ನಾನು ಕೇಳುತ್ತಿಲ್ಲ. ಅದರ ಹೊಗೆಯಲ್ಲಿ ಅಜ್ಜಿಯ ಕಣ್ಣು ಯಾವಾಗಲೂ ಕೆಂಪಗಿರುತ್ತಿತ್ತು. ರಾತ್ರಿಯೆಲ್ಲ ಕೆಮ್ಮುತ್ತಿದ್ದಳು. ಊದುಕೊಳವೆ ಹಿಡಿದು ಊದಿ ಊದಿ ಅವಳ ಎದೆ ಸೋತಿತ್ತು. ಕೊನೆಗಾಲದಲ್ಲಿ ಮನೆಗೆ ಗ್ಯಾಸ್ ಬಂದಾಗ ಅವಳಿಗಾದ ಸಂತೋಷವನ್ನು ನಾನು ನೋಡಿದ್ದೇನೆ. ರುಚಿ ಚೆನ್ನಾಗಿತ್ತು ಅಂತ ಅವಳನ್ನು ಮತ್ತೆ ಆ ಹೊಗೆಗೆ ಕೂರಿಸುವ ಆಸೆ ನನಗಿಲ್ಲ.

ಆದರೂ ತಿಂಗಳಿಗೆ ಒಂದು ಸಲ ಒಂದು ಹಿಡಿ ಕೆಂಡ ಸಿಕ್ಕರೆ ಸಾಕಿತ್ತು.

ಅದು ಸಿಕ್ಕಿದ್ದು ನಮ್ಮ ರಸ್ತೆಯ ಇಸ್ತ್ರಿ ಅಂಗಡಿಯಲ್ಲಿ. ಅಲ್ಲಿನ ಅಣ್ಣ ಬಹಳ ವರ್ಷ ಇದ್ದಿಲು ತುಂಬುವ ಭಾರದ ಇಸ್ತ್ರಿಪೆಟ್ಟಿಗೆಯಲ್ಲೇ ಬಟ್ಟೆ ತಿಕ್ಕುತ್ತಿದ್ದರು. ಬೆಳಿಗ್ಗೆ ಅದಕ್ಕೆ ಕೆಂಡ ಮಾಡುವುದೇ ಅರ್ಧ ಗಂಟೆಯ ಕೆಲಸ. ಬೂದಿ ಹಾರಿ ಬಿಳಿ ಅಂಗಿಯ ಮೇಲೆ ಕೂರುತ್ತಿತ್ತು. ಈಗ ಬೆಂಗಳೂರಿನ ಎಷ್ಟೋ ಇಸ್ತ್ರಿ ಅಂಗಡಿಗಳ ಹಾಗೆ ಅಲ್ಲಿಗೂ ಗ್ಯಾಸಿನ ಪೆಟ್ಟಿಗೆ ಬಂದಿದೆ. ಅವರಿಗೂ ಕೆಂಡ ಹೋಗಿ ಉರಿ ಬಂತು. ಅಂಗಡಿಯ ಮೂಲೆಯಲ್ಲಿ ಅರ್ಧ ಮೂಟೆ ಇದ್ದಿಲು ಹಾಗೇ ಉಳಿದಿತ್ತು. ಬಟ್ಟೆ ಕೊಡಲು ಹೋದಾಗ ಕೇಳಿದೆ. "ತಗೊಂಡೋಗಿ ಮೇಡಂ, ಇನ್ನೇನ್ ಮಾಡ್ಲಿ ಅದನ್ನ" ಅಂತ ಒಂದು ಕವರ್ ತುಂಬ ಹಾಕಿಕೊಟ್ಟರು. ದುಡ್ಡು ತೆಗೆದುಕೊಳ್ಳಲಿಲ್ಲ.

ಅಟ್ಟದ ಮೇಲೆ ಅಮ್ಮನ ಅಗ್ಗಿಷ್ಟಿಕೆ ಇತ್ತು. ನಾನು ಹುಟ್ಟಿದಾಗ ಬಾಣಂತನಕ್ಕೆ ಅಂತ ಅಜ್ಜಿ ಕೊಟ್ಟದ್ದು. ನನ್ನ ತಲೆಕೂದಲಿಗೆ ಸಾಂಬ್ರಾಣಿ ಹೊಗೆ ಹಾಕಿದ್ದು ಅದರಲ್ಲೇ. ಅದನ್ನು ಇಳಿಸಿ ತೊಳೆದು ಬಾಲ್ಕನಿಯಲ್ಲಿ ಇಟ್ಟೆ. ಇದ್ದಿಲಿನ ಕೆಂಡವನ್ನು ಮನೆಯೊಳಗೆ, ಬಾಗಿಲು ಕಿಟಕಿ ಮುಚ್ಚಿದ ಕಡೆ ಇಡಲೇಬಾರದು. ಅದರಿಂದ ಬರುವ ವಿಷಗಾಳಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ತೆರೆದ ಬಾಲ್ಕನಿ ಇಲ್ಲದಿದ್ದರೆ ನಾನು ಈ ಕೆಲಸಕ್ಕೆ ಕೈ ಹಾಕುತ್ತಿರಲಿಲ್ಲ.

ಇದ್ದಿಲು ಜೋಡಿಸಿ ಟಾರ್ಚ್ ಹಚ್ಚಿದೆ. ಸೀಮೆಎಣ್ಣೆ ಬೇಡ, ಕಾಗದ ಬೇಡ, ಊದುವುದು ಬೇಡ. ನೀಲಿ ಉರಿ ತಾಗಿದ ಕಡೆ ಇದ್ದಿಲು ಮೊದಲು ಕಿಡಿ ಉದುರಿಸಿತು. ಆಮೇಲೆ ಅಂಚಿನಲ್ಲಿ ಕೆಂಪು ಗೆರೆ. ಗೆರೆ ಅಗಲವಾಗುತ್ತಾ ಪಕ್ಕದ ತುಂಡಿಗೆ ಹಬ್ಬಿತು. ಐದು ನಿಮಿಷದಲ್ಲಿ ಟಾರ್ಚ್ ಆರಿಸಿದೆ. ಕೆಂಪು ಆರಲಿಲ್ಲ. ನಾನು ಬದನೆಕಾಯಿ ಇಡಲು ಹೋದೆ. ಅಮ್ಮ ಕೈ ಹಿಡಿದಳು. "ತಡಿ, ಬೂದಿ ಕಟ್ಟಲಿ."

ಬೂದಿ ಕಟ್ಟಲು ಹತ್ತು ನಿಮಿಷ ಬೇಕಾಯಿತು. ಅಷ್ಟು ಹೊತ್ತೂ ಅಮ್ಮ ಅಲ್ಲೇ ಮೊಣಕಾಲು ಮಡಿಸಿ ಕೂತಿದ್ದಳು. ಕೆಂಡದ ಮೇಲೆ ಬೂದಿಯ ತೆಳು ಮುಸುಕು ಬಂದಾಗ ಅವಳೇ ಎರಡು ಬದನೆಕಾಯಿ ಇಟ್ಟಳು. ಇಡುವ ಮೊದಲು ಚಾಕುವಿನ ತುದಿಯಲ್ಲಿ ಎರಡು ಕಡೆ ಚುಚ್ಚಿದಳು, ಇಲ್ಲದಿದ್ದರೆ ಸಿಡಿಯುತ್ತದೆ ಅಂತ. ಪಕ್ಕದಲ್ಲಿ ನಾಲ್ಕು ಹಸಿಮೆಣಸಿನಕಾಯಿ, ಸಿಪ್ಪೆ ಸಮೇತ ಒಂದು ಗಡ್ಡೆ ಬೆಳ್ಳುಳ್ಳಿ. ಐದೈದು ನಿಮಿಷಕ್ಕೆ ತೊಟ್ಟು ಹಿಡಿದು ತಿರುಗಿಸಿದಳು. ಹೊಳೆಯುವ ಸಿಪ್ಪೆ ಮಂಕಾಯಿತು, ಸುಕ್ಕಾಯಿತು. ತೊಟ್ಟಿನ ಹತ್ತಿರ ರಸ ಒಸರಿ ಕೆಂಡದ ಮೇಲೆ ಬಿದ್ದು ಚುಯ್ ಅಂದಿತು. ಅರ್ಧ ಗಂಟೆಯಾಗುವ ಹೊತ್ತಿಗೆ ಬದನೆಕಾಯಿ ತನ್ನ ಭಾರಕ್ಕೆ ತಾನೇ ಕುಸಿದು ಕೂತಿತು. ಅಮ್ಮ ಹೆಬ್ಬೆರಳು ಇಟ್ಟು ಒತ್ತಿದಳು. ಬೆರಳು ಪೂರ್ತಿ ಇಳಿಯಿತು.

ಬೆರಳನ್ನು ನೀರಿಗೆ ಅದ್ದಿಕೊಂಡು ಸಿಪ್ಪೆ ಸುಲಿದಳು. ಒಂದು ಚೂರು ಕಪ್ಪು ಬೇಕೆಂದೇ ಬಿಟ್ಟಳು. ಸುಟ್ಟ ಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು ಸೇರಿಸಿ ಕೈಯಲ್ಲೇ ಕಿವುಚಿದಳು. ಹುಣಸೆರಸ, ಹೆಚ್ಚಿದ ಈರುಳ್ಳಿ, ಕೊತ್ತಂಬರಿ ಹಾಕಿದಳು. ಒಗ್ಗರಣೆ ಬೇಡ ಅಂದಳು. ತುದಿಬೆರಳಲ್ಲಿ ರುಚಿ ನೋಡಿ ನನ್ನ ಬಾಯಿಗೂ ಇಟ್ಟಳು. ನಾನು ಅವಳ ಮುಖ ನೋಡುತ್ತಾ ನಿಂತೆ. ಅವಳು ಅಗ್ಗಿಷ್ಟಿಕೆಯ ಕಡೆ ನೋಡುತ್ತಿದ್ದಳು.

"ಕೆಂಡ ಇನ್ನೂ ಇದೆಯಲ್ಲೇ. ಡಬ್ಬಿಯಲ್ಲಿ ಹಲಸಿನ ಹಪ್ಪಳ ಇರಬೇಕು, ತಗೊಂಡ್ ಬಾ."